ಮನೆ ಗೊತ್ತಿದ್ದವನು

ಬೆಳಿಗ್ಗೆ ಆರೂವರೆಗೆ ಸತ್ತ ಗಂಡನೇ ಅವಳನ್ನು ಎಬ್ಬಿಸಿದ. ಅಂದರೆ, ಅವನ ಫೋನಿನ ಅಲಾರಂ.

ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಹೋಗುವಾಗ ಒಬ್ಬೊಬ್ಬರೂ ಅವಳ ಕೈ ಹಿಡಿದು, "ಏನೇ ಬೇಕಾದ್ರೂ ಒಂದು ಫೋನ್ ಮಾಡಮ್ಮ" ಎಂದಿದ್ದರು.

ಅವಳು ಎದ್ದು ಒಲೆಯ ಮೇಲೆ ಹಾಲಿಟ್ಟಳು. ಅಲಾರಂ ಮತ್ತೆ ಕೂಗಿತು. ಒಂದೇ ಕೂಗಿಗೆ ಏಳುವ ಆಸಾಮಿಯಲ್ಲ ಗಂಡ, ಐದು ನಿಮಿಷಕ್ಕೊಮ್ಮೆ ಕೂಗುವಂತೆ ಇಟ್ಟಿದ್ದ. ಅತ್ತೆಗೆ ನಿದ್ದೆ ಕೆಡದಿರಲಿ ಎಂದು ಅವಳು ಫೋನ್ ಎತ್ತಿಕೊಂಡು ಮೆಟ್ಟಿಲ ಬಳಿ ಬಂದಳು. ಅತ್ತೆಗೆ ಕಿವಿ ಕೇಳುವುದಿಲ್ಲ ಎಂಬುದು ನೆನಪಾಗುವಷ್ಟರಲ್ಲಿ ಹಿಂದೆ ಟಪ್ ಎಂದು ಸದ್ದಾಯಿತು.

ಎಳೆದುಕೊಂಡರೆ ತಾನೇ ಬೀಗ ಬೀಳುವ ಕಬ್ಬಿಣದ ಬಾಗಿಲು. ಕಳ್ಳರು ಬರಬಾರದೆಂದು ಗಂಡನೇ ಹಾಕಿಸಿದ್ದು.

ಫೋನು ಗುಟ್ಟಿನ ಸಂಖ್ಯೆ ಕೇಳಿತು. ಮದುವೆಯ ದಿನ ಒತ್ತಿದಳು. ತಪ್ಪು ಎಂದಿತು. ತನ್ನ ಹುಟ್ಟಿದ ದಿನ ಒತ್ತಿದಳು. ಅದೂ ತಪ್ಪು. ಕೆಳಗೆ ಸಣ್ಣ ಅಕ್ಷರದಲ್ಲಿ 'ತುರ್ತು ಕರೆ ಮಾತ್ರ' ಎಂದಿತ್ತು. ಅದನ್ನೇ ಒತ್ತಿದಳು.

"ಹೇಳಿ, ಏನು ತೊಂದರೆ?" ಎಂದಿತು ಒಂದು ಹೆಣ್ಣುದನಿ.

"ನಮ್ಮತ್ತೆ ನಿದ್ದೆ ಮಾತ್ರೆ ತಗೊಂಡು ಒಳಗೆ ಮಲಗಿದಾರೆ. ಒಲೆ ಉರೀತಿದೆ. ಬಾಗಿಲು ಹಾಕ್ಕೊಂಡ್ಬಿಟ್ಟಿದೆ."

"ಎಲ್ಲಿ?"

"ಹೊಸ ಬಡಾವಣೆ, ಮೂರನೇ ಅಡ್ಡರಸ್ತೆ."

"ಊರಲ್ಲಿ ಹೊಸ ಬಡಾವಣೆ ಏಳಿವೆ ಮೇಡಂ."

"ನಾನೆಲ್ಲಿದೀನಿ ಅಂತ ನಿಮಗೆ ಕಾಣಲ್ವಾ?"

"ಟವರ್ ಕಾಣುತ್ತೆ. ಅದರ ಕೆಳಗೆ ನಲವತ್ತು ಸಾವಿರ ಜನ ಇದಾರೆ. ಏನಾದ್ರೂ ಗುರುತು ಹೇಳಿ."

ಅಷ್ಟರಲ್ಲಿ ಮೇಲ್ಮನೆಯ ನಿವೃತ್ತ ಮೇಷ್ಟ್ರು ಇಳಿದುಬಂದು ಫೋನ್ ಕಿತ್ತುಕೊಂಡರು. "ಹಳೇ ಹೆಂಚಿನ ಕಾರ್ಖಾನೆ ಎದುರು ಅಂತ ಬರ್ಕೊಳ್ಳಮ್ಮ."

"ಅದನ್ನ ಕೆಡವಿ ಹದಿನೆಂಟು ವರ್ಷ ಆಯ್ತಲ್ಲ ಮೇಷ್ಟ್ರೇ," ಎನ್ನುತ್ತ ಕೆಳಗಿನ ಟೈಲರಮ್ಮ ಟೇಪು ಕೊರಳಲ್ಲಿರುವಂತೆಯೇ ಮೆಟ್ಟಿಲೇರಿದಳು. ತನ್ನ ಫೋನಿನಿಂದ ಅದೇ ತುರ್ತು ಸಂಖ್ಯೆ ಒತ್ತಿ, "ನಮ್ಮ ಅಂಗಡಿ ಮೇಲೇನೇ. ಯಾರನ್ನ ಕೇಳಿದ್ರೂ ಹೇಳ್ತಾರೆ," ಎಂದಳು.

ಗಂಡನ ಫೋನು ಚಾರ್ಜ್ ಮುಗಿದು ಕಣ್ಣು ಮುಚ್ಚಿತು. ಮೇಷ್ಟ್ರು ಬಾಗಿಲಿಗೆ ಭುಜ ಕೊಟ್ಟು ಗುದ್ದಿದರು. ಬಾಗಿಲಿಗೆ ಏನೂ ಆಗಲಿಲ್ಲ, ಮೇಷ್ಟ್ರ ಭುಜಕ್ಕೆ ಆಯಿತು. ಭುಜ ಹಿಡಿದುಕೊಂಡೇ ಅವರು ತಮ್ಮ ಫೋನಿನಿಂದ ಕರೆಮಾಡಿ, ಈ ಸಲ ನೀರಿನ ಟ್ಯಾಂಕಿನ ಹಿಂದೆ ಎಂದರು. ಅಲ್ಲಿಗೆ ನಿಯಂತ್ರಣ ಕೊಠಡಿಯ ಪ್ರಕಾರ ಊರಲ್ಲಿ ಮೂರು ಕಡೆ ಬೆಂಕಿ ಬಿದ್ದಿತ್ತು.

ಸೈರನ್ ಕೇಳಿಸಿತು. ಹಿಂದಿನ ರಸ್ತೆಯಲ್ಲಿ ಹತ್ತಿರವಾಗಿ, ದೂರವಾಗಿ, ನಿಂತೇಹೋಯಿತು.

"ನೋಡಮ್ಮ," ಮೇಷ್ಟ್ರು ಫೋನಿಗೆ ಪಾಠ ಶುರುಮಾಡಿದರು. "ಒಂದು ಬಾಚಣಿಗೆ ತರಿಸಿದ್ರೆ ಅದು ನೇರ ನನ್ನ ಬಾಗಿಲಿಗೇ ಬರುತ್ತೆ. ನಿಮ್ಮ ಗಾಡಿ ಯಾಕೆ ಬರಲ್ಲ? ಮನೆಗೊಂದು ಸರಿಯಾದ ವಿಳಾಸ ಕೊಡೋದು ಸರ್ಕಾರ ಎಲ್ಲಾದಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಮೂರು ಸಲ ಅರ್ಜಿ ಕೊಟ್ಟಿದೀನಿ, ಒಂದಕ್ಕೂ ಉತ್ತರ ಇಲ್ಲ."

"ಅರ್ಜೀಲಿ ವಿಳಾಸ ಏನಂತ ಬರ್ದಿದ್ರಿ?" ಟೈಲರಮ್ಮ ಕೇಳಿದಳು.

"ಹೆಂಚಿನ ಕಾರ್ಖಾನೆ ಎದುರು."

"ಮತ್ತೆ ಉತ್ತರ ಎಲ್ಲಿಂದ ಬರುತ್ತೆ?"

ಬಾಗಿಲ ಸಂದಿಯಿಂದ ಹೊಗೆ ಎಳೆಯಾಗಿ ಹೊರಬಂತು. ಇಬ್ಬರೂ ಬಾಗಿಲತ್ತ ತಿರುಗಿದರು.

ಅವಳು ಎರಡೂ ಕೈಯಿಂದ ಬಾಗಿಲು ಬಡಿದಳು. ಮನೆಯಲ್ಲಿ ಉಳಿದಿದ್ದವರು ಅತ್ತೆಯೊಬ್ಬರೇ. ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ "ಅತ್ತೆ, ಅತ್ತೆ" ಎಂದು ಕರೆಯುತ್ತಲೇ ಇದ್ದಳು.

ಆಗ ಒಂದು ಗಾಡಿ ಯಾರನ್ನೂ ದಾರಿ ಕೇಳದೆ ನೇರವಾಗಿ ಗೇಟಿನ ಮುಂದೆ ಬಂದು ನಿಂತಿತು.

"ಬಂದ್ರು," ಎನ್ನುತ್ತ ಮೇಷ್ಟ್ರು ಬಗ್ಗಿ ನೋಡಿದರು. ಅವರ ಮುಖ ಬಿಳಿಚಿಕೊಂಡಿತು.

ಬಿಳಿ ವ್ಯಾನು. ಅವತ್ತು ಅವಳ ಗಂಡನನ್ನು ಸ್ಮಶಾನಕ್ಕೆ ಕರೆದೊಯ್ದದ್ದೇ. ಡ್ರೈವರ್ ಟೋಪಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ.

"ಇಷ್ಟು ಬೇಗ ಇವರನ್ನ ಯಾಕೆ ಕಳಿಸಿದ್ರು?" ಟೈಲರಮ್ಮನ ದನಿ ಇಳಿದಿತ್ತು.

"ನನ್ನ ಯಾರೂ ಕಳಿಸಿಲ್ಲಮ್ಮ," ಎಂದು ಡ್ರೈವರ್ ಸಂಕೋಚದಿಂದ ಅವಳತ್ತ ತಿರುಗಿದ. "ಅವತ್ತು ನಿಮ್ಮ ಯಜಮಾನ್ರಿಗೆ ಹೊದಿಸಿದ್ದ ಚಾದರ ವ್ಯಾನಿಂದು. ಇವತ್ತು ಇನ್ನೊಬ್ಬರಿಗೆ ಬೇಕಾಗಿತ್ತು."

ಒಳಗೆ ಚಿಲಕ ಸರಿಯಿತು. ಬಾಗಿಲು ತೆರೆದು ಅತ್ತೆ ಕೆಮ್ಮುತ್ತ ನಿಂತಿದ್ದರು, ಕೈಯಲ್ಲಿ ಕರಿಬಡಿದ ಪಾತ್ರೆ. "ಸೀದ ವಾಸನೆಗೆ ಎಚ್ಚರ ಆಯ್ತು. ಒಲೆ ಆರಿಸಿ ಕಿಟಕಿ ತೆಗೆದಿದೀನಿ. ಎಲ್ಲಿ ಹೋಗಿದ್ದೆ ನೀನು?"

ಅವಳು ಅತ್ತೆಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

ಅತ್ತೆಯ ಕಣ್ಣು ಡ್ರೈವರ್ ಮೇಲೆ ಬಿತ್ತು. ಇನ್ನೂ ಒಂದು ಹೆಜ್ಜೆ ಹೊರಗೆ ಬಂದು, ಭುಜ ಹಿಡಿದು ನಿಂತಿದ್ದ ಮೇಷ್ಟ್ರನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಇವತ್ತು ಇವರಿಗಾ?" ಎಂದರು.

ತೆರೆದ ಕಿಟಕಿಯಿಂದ ಗಾಳಿ ಬೀಸಿತು. ಟಪ್.

"ಬೀಗದ ಕೈ?" ಟೈಲರಮ್ಮ ಕೇಳಿದಳು.

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಅತ್ತೆಯ ಮುಖ ನೋಡಿದಳು. ಮೇಷ್ಟ್ರು ಮತ್ತೆ ಫೋನ್ ತೆಗೆದರು.

ಮನೆಯದೇ ಎಂದುಕೊಂಡು ಅವಳು ಆ ಚಾದರವನ್ನು ಒಗೆದು ಮೆಟ್ಟಿಲ ಕಂಬಿಯ ಮೇಲೆ ಹರವಿದ್ದಳು. ಒಂದು ತುದಿ ಅತ್ತೆ ಹಿಡಿದರು, ಇನ್ನೊಂದು ಅವಳು. ನಾಲ್ಕು ಮಡಿಕೆ ಮಾಡಿ ಡ್ರೈವರ್ ಕೈಗಿಟ್ಟಳು.

"ಇಸ್ತ್ರಿ ಆಗಿಲ್ಲ," ಎಂದಳು. "ಇಸ್ತ್ರಿಪೆಟ್ಟಿಗೆ ಒಳಗಿದೆ."