ಅಗಲ ಕನ್ನಡಿಯಲ್ಲಿ ಕಂಡವರು

ಕಾರಿಗೆ ಕನ್ನಡಿ ಹಾಕಿಸಿದವರಿಗೆಲ್ಲ ಹೀಗಾಗುತ್ತದೋ ಇಲ್ಲವೋ, ನನಗಂತೂ ಒಂದಾದ ಮೇಲೊಂದು ಆಯಿತು. ತೊಂಬತ್ತರ ದಶಕದ ಕೊನೆ. ನಾವಿದ್ದದ್ದು ಎನ್.ಆರ್. ಕಾಲೋನಿಯಲ್ಲಿ. ಪಕ್ಕದಲ್ಲಿ ನುಗ್ಗುವ ಆಟೋಗಳು ಕಾಣದೆ ಪಕ್ಕದ ಕನ್ನಡಿಯೇ ಇರದ ಹಳೇ ಕಾರನ್ನು ಆಗಲೇ ಎರಡು ಸಲ ಉಜ್ಜಿಸಿಕೊಂಡಿದ್ದೆ.

ಅಂಗಡಿ

ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕರೆಂಟಿರಲಿಲ್ಲ. ಗೋಡೆ ತುಂಬ ಉಬ್ಬುಗನ್ನಡಿಗಳು. ಒಂದೊಂದರಲ್ಲೂ ನನ್ನದೇ ಪುಟ್ಟ ಮುಖ ನನ್ನನ್ನೇ ದಿಟ್ಟಿಸುತ್ತಿತ್ತು. ಹಿಂದೆ, ಬಲು ದೂರದಲ್ಲಿ, ಯಾರೋ ನಿಂತಿದ್ದರು. ಆದರೆ ಅವರ ಉಸಿರು ನನ್ನ ಕತ್ತಿಗೆ ತಾಗಿತು! ಚೀರಿ ತಿರುಗಿದರೆ ಅಂಗಡಿಯವರು.

"ಇದರಲ್ಲಿ ರಸ್ತೆ ಪೂರ್ತಿ ಕಾಣತ್ತೆ ಸಾರ್. ಹತ್ರ ಇರೋದು ಮಾತ್ರ ದೂರ ಇದ್ದಂಗೆ, ಚಿಕ್ಕದಾಗಿ ಕಾಣತ್ತೆ."

"ಬೇಡಪ್ಪ, ಮಾಮೂಲಿ ಕನ್ನಡೀನೇ ಕೊಡಿ," ಎಂದೆ.

ಜೊತೆಗೆ ಬಂದಿದ್ದ ನನ್ನಾಕೆ ಅದರಲ್ಲಿ ತನ್ನನ್ನು ನೋಡಿಕೊಂಡಳು. "ಎಷ್ಟು ಸಣ್ಣ ಕಾಣ್ತೀನಿ ನೋಡ್ರೀ! ಇದೇ ಇರ್ಲಿ."

ಬಿಳಿ ಅಂಗಿ

ಒಂದು ಮುಸ್ಸಂಜೆ ವೈಯಾಲಿಕಾವಲ್‌ನ ಇಳಿಜಾರು. ಬೀದಿ ದೀಪ ಇನ್ನೂ ಹತ್ತಿರಲಿಲ್ಲ. ಬಲಗನ್ನಡಿಯಲ್ಲಿ ಬೆರಳಷ್ಟೆತ್ತರದ ಬಿಳಿ ಆಕೃತಿಯೊಂದು ಕೈ ಆಡಿಸುತ್ತಾ ಬರುತ್ತಿತ್ತು. ಮುಂದೆ ಹೋದರೂ ಹಿಂದೆಯೇ ಇತ್ತು. ಗಾಬರಿಯಲ್ಲಿ ಗೇರ್ ತಪ್ಪಿ, ತಿರುವಿನಲ್ಲಿ ಇಂಜಿನ್ ನಿಂತುಹೋಯಿತು. ಕನ್ನಡಿಯಲ್ಲಿ ಅದಿನ್ನೂ ದೂರದಲ್ಲಿರುವಾಗಲೇ ನನ್ನ ಕಿಟಕಿ ಬಡಿದ ಸದ್ದು!

ಟ್ರಾಫಿಕ್ ಪೊಲೀಸಿನವರು ಏದುಸಿರು ಬಿಡುತ್ತಿದ್ದರು. "ಒನ್ ವೇಲಿ ಬಂದಿದೀರ! ಅವಾಗಿಂದ ಓಡ್ಬರ್ತಿದೀನಿ, ಕನ್ನಡಿ ನೋಡಲ್ವೇನ್ರೀ?"

"ನೋಡೇ ಓಡಿದ್ದು ಸಾರ್!"

ಗಾಜಿನ ಮುಖ

ಪಕ್ಕದ ಮನೆ ಅಜ್ಜಿ ತೀರಿಕೊಂಡು ವಾರವೂ ಆಗಿರಲಿಲ್ಲ. ನಸುಕಿನಲ್ಲಿ, ಮಂಜಿನಲ್ಲಿ, ತುಮಕೂರಿಗೆಂದು ಒಬ್ಬನೇ ಹೊರಟಿದ್ದೆ. ಎಡಗನ್ನಡಿ ನೋಡಿದೆ. ನಮ್ಮದೇ ಕಾರಿನ ಹಿಂಬಾಗಿಲಿನ ಗಾಜಿಗೆ ಮುಖವೊಂದು ಅಂಟಿಕೊಂಡಿತ್ತು: ಬಿಳಿ ಕೂದಲು, ತೆರೆದ ಬಾಯಿ, ಹಲ್ಲಿಲ್ಲ. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ಚಾಮರಾಜಪೇಟೆಯಲ್ಲಿ ಬಾಗಿಲು ತೆರೆದಿದ್ದ ದೇವಸ್ಥಾನ ಕಂಡದ್ದೇ ಬ್ರೇಕ್ ಒತ್ತಿ ಒಳಗೋಡಿದೆ.

"ಸ್ವಾಮೀ, ಕಾರಲ್ಲಿ ಅಜ್ಜಿ... ತೀರ್ಕೊಂಡಿರೋ ಅಜ್ಜಿ!"

ಅರ್ಚಕರು ದೆವ್ವವಲ್ಲ, ಹೆಣ ಎಂದು ಅರ್ಥ ಮಾಡಿಕೊಂಡರು. ತೀರ್ಥದ ಬಟ್ಟಲು ಹಿಡಿದು ಬಂದು, ಕಾರಿನ ಬಾಗಿಲು ತೆಗೆದು, "ನಾರಾಯಣ, ನಾರಾಯಣ" ಎನ್ನುತ್ತಾ ಆ ತೆರೆದ ಬಾಯಿಗೆ ಒಂದು ಉದ್ಧರಣೆ ತೀರ್ಥ ಬಿಟ್ಟರು.

ಮುಖ ಕೆಮ್ಮಿತು. ಕಣ್ಣು ಬಿಟ್ಟಿತು. ನಮ್ಮತ್ತೆ! ಮಲ್ಲೇಶ್ವರದ ಇನ್ನೊಬ್ಬ ಮಗಳ ಮನೆಗೆ ಬಿಡಿ ಎಂದು ಹಿಂದಿನ ದಿನ ಹೇಳಿದ್ದಕ್ಕೆ ನಾನು ಪೇಪರ್ ಓದುತ್ತಾ "ಹ್ಞೂಂ" ಅಂದಿದ್ದೆನಂತೆ. ನಾನು ಗೇಟು ತೆಗೆಯುವಾಗ ಹತ್ತಿ ಕೂತು, ಹಲ್ಲಿನ ಸೆಟ್ಟು ತೆಗೆದಿಟ್ಟು ನಿದ್ದೆ ಹೋಗಿದ್ದರು.

ಅತ್ತೆ ಅರ್ಚಕರನ್ನು ನೋಡಿದರು, ತೀರ್ಥ ನೋಡಿದರು.

"ಇನ್ನೂ ಮಲ್ಲೇಶ್ವರಾನೇ ಬಂದಿಲ್ಲ ಸ್ವಾಮಿ, ಆಗ್ಲೇ ಎಲ್ಲಿಗೆ ಕಳಿಸ್ತಿದೀರಿ ನನ್ನ?"