ಮೋತ್ಯಾನ ತಲೆಯೊಳಗಿನ ಮಾತು

ನಮ್ಮ ಸೋದರಮಾವನಿಗೆ ಹುಚ್ಚು ಎಂದು ನಮ್ಮೂರು ಮುರುಮದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಹುಚ್ಚಿಗೆ ಔಷಧವಾದರೂ ಇದೆ! ಇವರಿಗಿರುವುದು ಮೊಬೈಲು.

ಅದರಲ್ಲೊಂದು ವಿಡಿಯೊ ನೋಡಿದರು. ದೂರದ ಯಾವುದೋ ದೇಶದಲ್ಲಿ ನಾಯಿಗಳಿಗೆ ಅಲುಗಾಡದೆ ಮಲಗಲು ಕಲಿಸಿ, ಸ್ಕ್ಯಾನ್ ಯಂತ್ರದೊಳಗೆ ಕಳಿಸಿ, ಅವು ಏನು ಯೋಚಿಸುತ್ತವೆಂದು ಮೆದುಳಿನ ಚಿತ್ರ ತೆಗೆದು ನೋಡುತ್ತಾರಂತೆ. ಮುಗಿಯಿತು ನನ್ನ ಬೇಸಿಗೆ ರಜೆ!

ಮಾಮಾ ತಮ್ಮ ಬಟ್ಟೆ ಅಂಗಡಿಯ ಹಿಂದೆ ಖಾಲಿ ಡ್ರಮ್ಮನ್ನು ಅಡ್ಡ ಕೆಡವಿ, ನಾಯಿ ಮೋತ್ಯಾನನ್ನು ಅದರೊಳಗೆ ಮಲಗಿಸಿದರು. ಯಂತ್ರ ಭಾರೀ ಸದ್ದು ಮಾಡುತ್ತದಲ್ಲ, ಅದಕ್ಕೆ ಕಿವಿಗೆ ಮಾಮಿಯ ಮಫ್ಲರು. ಆ ಸದ್ದು ರೂಢಿಯಾಗಲೆಂದು ಹೊರಗೆ ಕೂತು ತಗಡು ಬಡಿಯುವ ಕೆಲಸ ಐವತ್ತು ದಾಟಿದ ಶಾಲಾ ಮಾಸ್ತರನದು, ಅಂದರೆ ನನ್ನದು. ತಿಂಗಳೊಳಗೆ ನಾಯಿ ಕಲ್ಲಿನಂತೆ ಮಲಗುವುದನ್ನು ಕಲಿಯಿತು. ಓಣಿಯವರು ಮಲಗುವುದನ್ನೇ ಮರೆತರು!

"ಮೊದಲ ನಿಮ್ಮ ತಲಿ ಫೋಟೋ ತಗಸ್ರಿ," ಎಂದರು ಮಾಮಿ. "ಒಳಗ ಏನರ ಅದನೋ ಇಲ್ಲೋ ಗೊತ್ತಾಗ್ಲಿ!"

ನಿಲಂಗಾದ ದನದ ಡಾಕ್ಟರು ಎಲ್ಲ ಕೇಳಿಸಿಕೊಂಡು, "ನಾಯಿ ತಬ್ಯೇತ್ ಛಲೋ ಅದರಿ. ನಿಮಗೇನಾಗ್ಯದ?" ಎಂದರು.

ಸೋಲದ ಮಾಮಾ ನನ್ನನ್ನು ಉದಗೀರದ ಸ್ಕ್ಯಾನ್ ಕೇಂದ್ರಕ್ಕೆ ಎಳೆದರು. ನಾಯಿಯನ್ನು ಬಾಗಿಲಲ್ಲೇ ಕಟ್ಟಿ ಒಳಗೆ ಹೋದೆವು. ಚೀಟಿ ಬರೆಯುವವನು ಪೆನ್ನು ಹಿಡಿದ.

"ಪೇಶಂಟ್ ಹೆಸರ್ರಿ?"

"ಮೋತ್ಯಾ."

"ವಯಸ್ಸು?"

"ಆರು."

"ಅಪ್ಪನ ಹೆಸರು?"

ಮಾಮಾ ನನ್ನ ಮುಖ ನೋಡಿದರು!

ಪೇಶಂಟ್ ನಾಯಿ ಎಂದು ತಿಳಿದರೂ ಅಲ್ಲಿನ ಡಾಕ್ಟರು ನಗಲಿಲ್ಲ, ಅದೇ ದೊಡ್ಡದು. "ಇದು ಮನುಷ್ಯಾರ ಮಶೀನ್ ಅದರಿ. ತಗದರೂ ಮಿದುಳಿಂದು ಚಿತ್ರ ಬರ್ತದ. ಮನಸಿನ ಮಾತು ಓದ್ಲಾಕ ಬರಲ್ರಿ," ಎಂದು ಕಳಿಸಿಕೊಟ್ಟರು.

ಬಸ್ಸಿನವರು ನಾಯಿಯನ್ನು ಹತ್ತಿಸಲಿಲ್ಲ. ಟೆಂಪೊವೊಂದರ ಹಿಂಭಾಗದಲ್ಲಿ ಮೂವರೂ ಧೂಳು ತಿನ್ನುತ್ತ ಹೊರಟೆವು. ನನಗೆ ಸಾಕಾಗಿಹೋಗಿತ್ತು.

"ಮಾಮಾ, ನಾಯಿ ತಲ್ಯಾಗ ಏನಿರ್ತದ್ರಿ? ರೊಟ್ಟಿ! ಅದನ್ನ ನೋಡ್ಲಾಕ ಇಷ್ಟು ತಿರುಗಬೇಕಾ?"

ಮಾಮಾ ಮೋತ್ಯಾನ ಕಡೆ ನೋಡಿದರು.

"ಹೋದ ವರ್ಷ ಅಂಗಡ್ಯಾಗಿನ ಹೊಸ ಸೀರಿ ಹರೀತಂತ ಇದಕ ಕೋಲಿಲೆ ಹೊಡದೀನಿ, ಅಳಿಯಾ. ಅವತ್ತಿಂದ ತಲಿ ಸವರ್ಲಾಕ ಕೈ ಎತ್ತಿದ್ರೂ ಕಣ್ಣ ಮುಚ್ಚಿ ಕುಗ್ತದ. ಮನುಷ್ಯಾರಿದ್ರ ಮಾಫಿ ಕೇಳಬೌದು. ಇದಕ ಹ್ಯಾಂಗ ಕೇಳಲಿ? ಇನ್ನಾ ನೆನಪ ಇಟ್ಟದನೋ, ಬಿಟ್ಟದನೋ, ಅಷ್ಟ ನೋಡಬೇಕಾಗಿತ್ತು."

ನನ್ನ ದಣಿವೆಲ್ಲ ಎಲ್ಲಿ ಹೋಯಿತೋ! "ಮ್ಯಾಲಿಂದ ಬ್ಯಾಡ್ರಿ ಮಾಮಾ," ಎಂದೆ. "ಕೆಳಗಿಂದ ಕೈ ಚಾಚಿ ನೋಡ್ರಿ."

ಮಾಮಾ ಅಂಗೈಯನ್ನು ನಿಧಾನವಾಗಿ ಅದರ ಮೂಗಿನ ಕೆಳಗೆ ಹಿಡಿದರು. ಮೋತ್ಯಾ ಮೂಸಿತು, ಮತ್ತೊಮ್ಮೆ ಮೂಸಿತು. ಆಮೇಲೆ ಗದ್ದವನ್ನು ಅಂಗೈಯಲ್ಲಿಟ್ಟು, ಕಣ್ಣು ತೆರೆದೇ ಅವರನ್ನು ನೋಡುತ್ತ ಕೂತಿತು.

ಮುರುಮ ಬರುವವರೆಗೂ ಮಾಮಾ ಆ ಕೈಯನ್ನು ಅಲುಗಿಸಲಿಲ್ಲ.