ಪ್ರಾಂಶುಪಾಲರು ಕೋಬಾಲ್ಟ್ ಆದ ದಿನ

ಸಾಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಹುದ್ದೆ ಖಾಲಿಯಾಯಿತು. ಅಲ್ಲಿನ ಗ್ರಂಥಪಾಲಕಿ ನನ್ನ ಹೆಂಡತಿ ಸುಮಿತ್ರಾ. ನಾನೋ ತೀರ್ಥಹಳ್ಳಿಯಲ್ಲಿ ಪಾಠ ಮಾಡುತ್ತ, ಬಾಡಿಗೆ ಕೋಣೆಯಲ್ಲಿ ಸೀದ ದೋಸೆ ತಿನ್ನುತ್ತ, ಭಾನುವಾರ ಮಾತ್ರ ಗಂಡನಾಗಿದ್ದವನು. ಒಂದು ಮಾದರಿ ಪಾಠ ಮಾಡಿ ತೋರಿಸಿ ಎಂದು ಕರೆ ಬಂದಾಗ, ಕೆಲಸ ಸಿಕ್ಕೇಬಿಟ್ಟಿತು ಎಂದುಕೊಂಡೆ.

ಪಾಠ, ಎರಡು ಲೋಹಗಳ ನಡುವಿನ ಎಲೆಕ್ಟ್ರಾನ್ ವರ್ಗಾವಣೆ. ಕ್ರೋಮಿಯಂ ಮತ್ತು ಕೋಬಾಲ್ಟ್ ಒಂದೇ ಕ್ಲೋರಿನನ್ನು ಆಚೆಯಿಂದ ಈಚೆಯಿಂದ ಹಿಡಿದುಕೊಳ್ಳುತ್ತವೆ. ಆ ಸೇತುವೆ ದಾಟಿ ಎಲೆಕ್ಟ್ರಾನ್ ಕೋಬಾಲ್ಟಿಗೆ ಹೋಗುತ್ತದೆ. ಆಮೇಲೆ ಸೇತುವೆ ಮುರಿದು, ಕ್ಲೋರಿನ್ ಕ್ರೋಮಿಯಂ ಪಾಲಾಗುತ್ತದೆ. ನೀಲಿ ಕ್ರೋಮಿಯಂ ದ್ರಾವಣ ಎಲ್ಲರ ಕಣ್ಣೆದುರೇ ಹಸಿರಾದರೆ ಕೆಲಸ ಕೊಡದವರು ಯಾರು! ಸುಮ್ಮನೆ ಗಾಳಿ ತಾಗಿದರೂ ಅದು ಹಸಿರಾಗುವುದರಿಂದ, ಬಾಟಲಿಗೆ ಬಿಗಿಯಾಗಿ ಬಿರಡೆ ಜಡಿದು ಬಸ್ಸು ಹತ್ತಿದೆ.

ಹೊಸನಗರದಲ್ಲಿ ಅಜ್ಜಿಯೊಬ್ಬರು ಹತ್ತಿ ಪಕ್ಕದಲ್ಲೇ ಕೂತರು.

"ಎಂತ ಮೇಷ್ಟ್ರೆ ಅದು? ನೀಲಿ ಶರಬತ್ತಾ?"

"ಅಲ್ಲ ಅಮ್ಮ, ಕ್ರೋಮಿಯಂ."

"ವಾಸ್ನೆ ಬರ್ತದಾ?"

"ಇಲ್ಲವೇ ಇಲ್ಲ, ನೋಡಿ!" ಎಂದು ನಾನು, ರಸಾಯನಶಾಸ್ತ್ರದ ಸ್ನಾತಕೋತ್ತರ ಪದವೀಧರ, ಬಿರಡೆ ಕಿತ್ತೆ.

ಬಸ್ಸಿನ ಕಿಟಕಿಗಳೆಲ್ಲ ತೆರೆದಿದ್ದವು.

"ಅಯ್ಯೋ, ಹಸ್ರಾಯ್ತಲ್ಲ ಮೇಷ್ಟ್ರೆ! ಹಣ್ಣಾಗೋದು ಬಿಟ್ಟು ಕಾಯಾಯ್ತಲ್ಲ!" ಅಜ್ಜಿ ನಿಜವಾಗಿ ಮರುಗಿದರು.

ಕಾಲೇಜಿನ ಬಾಗಿಲಲ್ಲೇ ಸುಮಿತ್ರಾ ಬಾಟಲಿ ನೋಡಿ, "ನೀಲಿ ಅಂದಿದ್ರಲ್ಲ?" ಎಂದಳು.

"ಅದು ಆಗಿಹೋಯ್ತು ಮಾರಾಯ್ತಿ. ಮನುಷ್ಯರನ್ನೇ ಇಟ್ಕೊಂಡು ತೋರಿಸ್ತೀನಿ."

"ದಯವಿಟ್ಟು ಬೇಡ ಮಾರಾಯ್ರೆ. ಬೋರ್ಡ್ ಮೇಲೆ ಬರೀರಿ, ಸಾಕು."

ಕೇಳಿದ್ದರೆ ಚೆನ್ನಾಗಿತ್ತು. ಕೇಳಲಿಲ್ಲ. ಕ್ರೋಮಿಯಂ ನಾನಾದೆ. ಕೋಬಾಲ್ಟ್ ಆಗುವಂತೆ ಸ್ವತಃ ಪ್ರಾಂಶುಪಾಲರನ್ನು ವಿನಂತಿಸಿದೆ. ತೂಕದ ಮನುಷ್ಯರು, ಎರಡೂ ಅರ್ಥದಲ್ಲಿ. ಅವರ ತೋಳು, ಭುಜ, ಸೊಂಟವನ್ನು ಐವರು ವಿದ್ಯಾರ್ಥಿಗಳು ಹಿಡಿದುಕೊಂಡರು. ಅವರು ಕೋಬಾಲ್ಟಿಗೆ ಅಂಟಿಕೊಂಡಿರುವ ಐದು ಅಮೋನಿಯಾಗಳು. ನಮ್ಮಿಬ್ಬರ ನಡುವೆ ಕ್ಲೋರಿನ್ ಎಂಬ ಟವೆಲ್. ಅದಕ್ಕೆ ಪೋಣಿಸಿದ ಬೀಗದ ಕೈ ಗೊಂಚಲೇ ಎಲೆಕ್ಟ್ರಾನ್.

ನನ್ನ ತುದಿಯನ್ನು ಎತ್ತಿದೆ. ಎಲೆಕ್ಟ್ರಾನ್ ಝಣಝಣ ಎನ್ನುತ್ತ ಜಾರಿ ಪ್ರಾಂಶುಪಾಲರ ಕೈ ಸೇರಿತು. ಚಪ್ಪಾಳೆ! ಆ ಚಪ್ಪಾಳೆಯೇ ತಲೆಗೇರಿತು.

"ಎಲೆಕ್ಟ್ರಾನ್ ಸಿಕ್ಕ ಕೋಬಾಲ್ಟ್ ಯಾರನ್ನೂ ಹಿಡಿದಿಟ್ಟುಕೊಳ್ಳಲಾರದು! ಅಮೋನಿಯಾಗಳೇ, ಬಿಡಿ!" ಎಂದು ಕೂಗಿ, ಕ್ಲೋರಿನನ್ನು ಬಲವಾಗಿ ನನ್ನತ್ತ ಎಳೆದೆ.

ಅಮೋನಿಯಾಗಳು ಬಿಟ್ಟವು. ಟವೆಲ್ ಬಿಡಬೇಕೆಂದು ಕೋಬಾಲ್ಟಿಗೆ ನಾನು ಹೇಳಿರಲಿಲ್ಲ.

ಕೋಬಾಲ್ಟ್ ಟವೆಲ್ ಸಮೇತ ಬಂದು ನನ್ನ ಮೇಲೆ ಬಿತ್ತು. ಇಬ್ಬರೂ ನೆಲದ ಮೇಲೆ! ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಸಂಯುಕ್ತ. ಅಮೋನಿಯಾಗಳು ಬಿದ್ದು ಬಿದ್ದು ನಗುತ್ತಿದ್ದವು. ಸುಮಿತ್ರಾ ಮಾತ್ರ ಓಡಿಬಂದು, ಮೊದಲು ಪ್ರಾಂಶುಪಾಲರನ್ನು ಎಬ್ಬಿಸಿದಳು. ಅವಳ ಕೆಲಸವಾದರೂ ಉಳಿಯಬೇಕಲ್ಲ!

"ಏನೂ ಆಗ್ಲಿಲ್ಲ, ಏನೂ ಆಗ್ಲಿಲ್ಲ," ಎಂದರು ಪ್ರಾಂಶುಪಾಲರು ಸೊಂಟ ಒತ್ತಿಕೊಳ್ಳುತ್ತ. "ವಿಷಯ ಅಂತೂ ಮನಸ್ಸಿಗೆ ನಾಟ್ತು."

ಮರುದಿನ ಸುಮಿತ್ರಾಳ ಫೋನ್ ಬಂತು. "ನಿಮ್ಮನ್ನ ಕರೀತಿದಾರೆ ಕಣ್ರೀ!"

"ಕೆಲಸಕ್ಕಾ?"

"ಅದು ಬೇರೆಯವರಿಗೆ ಆಯ್ತು. ಕಾಲೇಜ್ ಡೇಗೆ ಹಾಸ್ಯ ನಾಟಕ ಕಲಿಸ್ಬೇಕಂತೆ. ಹುಡುಗ್ರು ನಿಮ್ಮನ್ನೇ ಕೇಳಿದಾರೆ."

ಶನಿವಾರಗಳಲ್ಲೂ ಹೆಂಡತಿಯ ಕೈ ಅಡುಗೆ ಸಿಗುತ್ತದೆಂದು ಒಪ್ಪಿಕೊಂಡೆ. ಪ್ರಾಂಶುಪಾಲರೂ ಸಂತೋಷದಿಂದ ಒಪ್ಪಿದ್ದಾರೆ. ಅವರದು ಒಂದೇ ಷರತ್ತು: ಕೊನೆಯ ಸಾಲಿನಲ್ಲಿ ಕೂರುತ್ತಾರಂತೆ!